ಗಂಗಕ್ಕನ ಗಂಡ ಹಿಂದೀ ಪಿಕ್ಚರಿನಲ್ಲಿ

ಆನವಟ್ಟಿಯಲ್ಲಿ ಸಂಸಾರ ಹೂಡಿದ ಮೊದಲ ವಾರವೇ, ನಮಗೆ ಬಾಡಿಗೆಗೆ ಮನೆ ಕೊಟ್ಟ ಗಂಗಕ್ಕ ಟೆಂಟ್ ಸಿನಿಮಾದಲ್ಲಿ ಸೆರಗು ಹೊದ್ದು ಎದ್ದು ನಿಂತು, ಪರದೆಯನ್ನು “ಊಟ ಆತಾ?” ಎಂದು ಕೇಳಿದ್ದನ್ನು ಕಣ್ಣಾರೆ ಕಂಡೆ. ಪರದೆಯ ಮೇಲೆ ಯಾವುದೋ ಹಿಂದೀ ಸೀಮೆಯ ಹಳ್ಳಿಯ ಜನ ನೆರೆಗೆ ಹೆದರಿ ಗಾಡಿ ಕಟ್ಟಿಕೊಂಡು ಊರು ಬಿಡುತ್ತಿದ್ದರು. ಗುಂಪಿನಲ್ಲಿದ್ದ ಒಬ್ಬಾತ ಒಮ್ಮೆ ನಮ್ಮತ್ತ ತಿರುಗಿ ನೋಡಿ ಮುಂದೆ ಹೋದ. ಗಂಗಕ್ಕ ಕೇಳಿದ್ದು ಅವನನ್ನು. 

ಆನವಟ್ಟಿಯೇನು ಮಹಾ ದೂರ, ಬಸ್ಸು ಹತ್ತಿದರಾಯಿತು ಎನ್ನುತ್ತೀರಿ ಶಿಕಾರಿಪುರದ ನೀವು. ಬಂದು ಒಲೆ ಹಚ್ಚಿ ನೋಡಿ. ಅಲ್ಲಿ ನಮಗೆ ಜೋಳದ ರೊಟ್ಟಿ ಇಲ್ಲದೆ ಹೊತ್ತು ಹೋಗದು. ಇಲ್ಲಿ ಮೂರು ಹೊತ್ತೂ ಅಕ್ಕಿ. ನಾನು ರೊಟ್ಟಿ ತಟ್ಟಿದರೆ ಗಂಗಕ್ಕನ ಅತ್ತೆ ಎದ್ದು ಹೋಗಿ ಹೊರಬಾಗಿಲು ತೆಗೆಯುತ್ತಿದ್ದರು. “ಯಾರೋ ಬಾಗ್ಲು ಬಡ್ದಂಗಾತು ಕಣೇ ತಂಗಿ” ಎನ್ನುತ್ತಿದ್ದರು. ನಮ್ಮೂರಿನಲ್ಲಿ ಮಂಗಗಳ ಕಾಟಕ್ಕೆ ಹಂಚು ಉಳಿಯುವುದಿಲ್ಲ. ಇಲ್ಲಿ ಮಾಡುಗಳ ಮೇಲೆ ಒಂದು ಮಂಗದ ಸದ್ದೂ ಇರಲಿಲ್ಲ. ಕ್ಯಾಸನೂರಿನ ಕಡೆ ಕಾಡಿನಲ್ಲಿ ಮಂಗಗಳು ಸಾಯುತ್ತಿವೆಯಂತೆ, ಸೌದೆಗೆ ಹೋದವರಿಗೂ ಜ್ವರ ಬರುತ್ತಿದೆಯಂತೆ ಎಂದು ಸಂತೆಯಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಊರು ನೆನಪಾಗಿ ಅಳು ಬರುತ್ತಿತ್ತು.

ನನಗೆ ಇಲ್ಲಿ ಬೆಲೆ ಬಂದದ್ದು ಹಿಂದಿಯಿಂದ. ಅಕ್ಕಿ ಗಿರಣಿ ಗುಮಾಸ್ತನ ಹೆಂಡತಿಗೆ ಹಿಂದೀ ಪರೀಕ್ಷೆ ಯಾತಕ್ಕೆ ಎಂದು ನಮ್ಮಣ್ಣ ಆಡಿಕೊಂಡಿದ್ದ. ಈಗ ನೋಡಿ, ಟೆಂಟಿನಲ್ಲಿ ಹೆಂಗಸರೆಲ್ಲ ನನ್ನನ್ನು ನಡುವೆ ಕೂರಿಸಿಕೊಂಡು, “ಆ ತಾಯಿ ಏನಂದ್ಲು? ಮಗ ಯಾಕೆ ಮನೆ ಬಿಟ್ಟ?” ಎಂದು ಕೇಳುವವರೇ. ನಾನು ಹೇಳುತ್ತಾ ಹೋದಂತೆ ಅವರು ಮೂಗೊರೆಸಿಕೊಳ್ಳುವರು. ನನಗೆ ಕೋಡು ಮೂಡಿತ್ತು ಎಂದೇ ಹೇಳಬೇಕು.

ಗಂಗಕ್ಕ ಮಾತ್ರ ಆ ಗಾಡಿಗಳ ಹೊತ್ತಿಗೆ ನನ್ನ ಕೈ ಹಿಡಿಯುತ್ತಿದ್ದಳು. “ನಮ್ಮನೆಯವ್ರೇ ಕಣೇ. ಬಾಯಿ ಆಡ್ಸಿದ್ರಲ್ಲ, ಏನಂದ್ರು?”

“ಏನೂ ಕೇಳಿಸಲಿಲ್ಲರೀ ಗಂಗಕ್ಕ” ಎಂದೆ. ಅವಳು ಗಂಡನ ಹೆಸರು ಹೇಳುವವಳಲ್ಲ. ಹೇಳಿದರೆ ಆಯುಷ್ಯ ಕಮ್ಮಿಯಾಗುತ್ತದೆ ಎಂಬ ನಂಬಿಕೆ.

ಹತ್ತಿರದ ಕುಬಟೂರಿಗೆ ಹೋಗಿ ಬರುತ್ತೇನೆಂದು ಹೊರಟ ಗಂಡ ಮತ್ತೆ ಬಂದಿರಲಿಲ್ಲ. ಹನ್ನೆರಡು ವರ್ಷ ಸುದ್ದಿ ಇಲ್ಲದಿದ್ದರೆ ಸತ್ತವರ ಲೆಕ್ಕ. ಹುಲ್ಲಿನ ಗೊಂಬೆ ಮಾಡಿ ಸುಟ್ಟು, ಹೆಂಡತಿಯ ಬಳೆ ಒಡೆಸಿ, ಕರ್ಮ ಮುಗಿಸಬೇಕು. ಇಲ್ಲವಾದರೆ ಜೀವ ಅಲೆಯುತ್ತಿರುತ್ತದಂತೆ. ಆ ಹನ್ನೆರಡು ವರ್ಷ ಈಗ ತುಂಬಿತ್ತು. ಬರುವ ಅಮಾವಾಸ್ಯೆಗೆಂದು ಅತ್ತೆ ಆಗಲೇ ಹುಲ್ಲು ತೆಗೆದಿರಿಸಿದ್ದರು.

“ಇದ್ದಾರೆ ಅತ್ತೆ, ನೀವೇ ಬಂದು ನೋಡಿ” ಎಂದು ಗಂಗಕ್ಕ ಅವರನ್ನು ಮೊದಲ ಆಟಕ್ಕೆ ಕರೆದುಕೊಂಡು ಬಂದಳು. ಗಾಡಿಗಳು ಬಂದವು, ಆತ ತಿರುಗಿದ, ಹೋದ. ಅತ್ತೆ ಮಾರನೆಯ ದಿನ ತಾವಾಗಿಯೇ ಬಂದರು. ಮತ್ತೆ ಗಾಡಿಗಳು, ಅದೇ ನೋಟ, ಅದೇ ನಡಿಗೆ.

“ನನ್ನ ಮಗನೇ” ಎಂದರು. ಗಂಗಕ್ಕನ ಮುಖ ಅರಳಿತು. “ಆದ್ರೆ ಜೀವ ಇಲ್ಲ ಗಂಗಾ. ಬದ್ಕಿರೋರು ಎರ್ಡು ದಿನ ಒಂದೇ ನಮೂನೆ ನಡೀತಾರಾ? ದೆವ್ವ ಮಾತ್ರ ನಡ್ದಲ್ಲೇ ನಡೀತದೆ.”

ನಾನು ಬಾಯಿ ಹಾಕಿದೆ. “ಅಮ್ಮಾ, ಅದು ಒಮ್ಮೆ ತೆಗೆದದ್ದು. ಅದನ್ನೇ ದಿನಾ ತೋರಿಸ್ತಾರೆ.”

“ತೆಗ್ದಾಗ ಇದ್ದ. ಈಗ?”

 ಗಂಗಕ್ಕ ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ನಡೆದಳು.

ಪಿಕ್ಚರು ಇಲ್ಲಿ ಮುಗಿದು ಮುಂದೆ ಶಿಕಾರಿಪುರಕ್ಕೆ ಹೋಗುತ್ತದೆಂದು ತಿಳಿದ ದಿನ ಅವಳು ಬಟ್ಟೆ ಗಂಟು ಕಟ್ಟಿದಳು. “ನಿಮ್ಮಮ್ಮನ ಹತ್ರ ಒಂದಿಷ್ಟು ದಿನ ಇರ್ಲೇನೇ?” ಬೇಡ ಎನ್ನಲು ನನಗೆ ಮನಸ್ಸಾಗಲಿಲ್ಲ. ಹೆಂಡತಿಯೇ ಇಲ್ಲದೆ ಬಳೆ ಯಾರದು ಒಡೆಯುವುದು? ಅಮಾವಾಸ್ಯೆ ಬಂದು ಹೋಯಿತು. ಗಂಗಕ್ಕ ಇಲ್ಲದ್ದರಿಂದ ಅವಳ ಅತ್ತೆಯ ಊಟವೂ ನನ್ನ ಒಲೆಯಲ್ಲೇ ಆಗುತ್ತಿತ್ತು.

ಮೊನ್ನೆ ಅಣ್ಣ ಬಂದಿದ್ದ. ಗಂಗಕ್ಕನ ಜೊತೆ ಪಿಕ್ಚರಿಗೆ ಹೋಗಿದ್ದನಂತೆ. “ಏ ತಂಗಿ, ನೀ ಹೇಳಿದ ಗಾಡಿನೂ ಇಲ್ಲ, ಮನುಷ್ಯಾನೂ ಇಲ್ಲ. ಅಲ್ಲಿ ರೀಲು ಹರಿದು ಕತ್ತರಿಸಿ ಹಾಕ್ಯಾರ. ನೆರೆ ಬರ್ತದ, ಆಮೇಲೆ ಊರು ಖಾಲಿ, ಅಷ್ಟ.” ಮತ್ತೆ ಸೇರಿಸಿದ: “ಆದ್ರ ಆಕಿ ಅದೇ ಹೊತ್ತಿಗೆ ಎದ್ದು ನಿಂತ್ಳು. ಮನಿಗೆ ಬಂದು ಅವ್ವನ ಮುಂದ ಹೇಳಿದ್ಳು, ಇವತ್ತು ಸ್ವಲ್ಪ ನಿಂತು, ನಕ್ಕು ಹೋದ್ರು ಅಂತ.”

ಅತ್ತೆ ಒಳಗಿನಿಂದಲೇ ಕೇಳಿದರು. “ಏನಂತೆ? ಕಂಡ್ನಂತಾ?”

ರೀಲು ಹರಿದದ್ದನ್ನು ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. “ಕಂಡ್ರಂತೆ ಅತ್ತೆ. ಈ ಸಲ ನಿಂತು, ನಕ್ಕು ಹೋದ್ರಂತೆ.” ಅವರನ್ನು ಅತ್ತೆ ಎಂದು ಕರೆದದ್ದು ಅದೇ ಮೊದಲು.

“ಹಂಗಾರೆ ಜೀವ ಅದೆ” ಎಂದರು ಅವರು. ಗೊಂಬೆಗೆಂದು ಇಟ್ಟಿದ್ದ ಹುಲ್ಲನ್ನು ತೆಗೆದುಕೊಂಡು ಹೋಗಿ ದನಕ್ಕೆ ಹಾಕಿ ಬಂದರು. “ಇವತ್ತಿಂದ ಅವ್ನಿಗೂ ಒಂದು ಹಿಡಿ ಅಕ್ಕಿ ಹಾಕು.”

ನನಗೆ ಭಯವಾಯಿತು, ನಿಜ. ಆದರೂ ಹಾಕಿದೆ. ಅಲ್ಲಿ ನಮ್ಮವ್ವನ ಮಗ್ಗುಲಲ್ಲಿ ಗಂಗಕ್ಕ ಮಲಗುತ್ತಾಳೆ. ಇಲ್ಲಿ ಅವಳ ಗಂಡನ ತಟ್ಟೆಗೆ ದಿನಾ ನಾನು ಅನ್ನ ಬಡಿಸಿ ಬಾಗಿಲ ಕಡೆ ನೋಡುತ್ತಾ ಕೂರುತ್ತೇನೆ. ಊರಿಗೆ ಎಂದು ಬರುತ್ತೀ ಎಂದು ಅವ್ವ ಹೇಳಿ ಕಳಿಸಿದ್ದಾಳೆ. ಬರಬೇಕೆಂದು ಜೀವ ಹಾತೊರೆಯುತ್ತದೆ. ಆದರೆ ನಾನು ಬಂದರೆ ಆ ತಟ್ಟೆಗೆ ಬಡಿಸುವವರು ಯಾರು?