ಬೋರ್ಡಿನ ಮೇಲೆ ನಾನು ನುಂಗಿದ ಮೈನಸ್

ಆಗ ನಾನು ಸಿಡುಕಿನ ಟೀಚರ್. ತೊಂಬತ್ತರ ದಶಕದ ಕೊನೆ, ಜರಗನಹಳ್ಳಿಯ ಪುಟ್ಟ ಶಾಲೆ, ಹತ್ತನೇ ತರಗತಿಗೆ ಗಣಿತ. ಪಾಠದ ಮಧ್ಯೆ ಯಾರಾದರೂ ಬಾಯಿ ಹಾಕಿದರೆ ಸೀಮೆಸುಣ್ಣ ಎಸೆಯುತ್ತಿದ್ದೆ. ಗುರಿ ತಪ್ಪುತ್ತಿರಲಿಲ್ಲ.

ಗಣಿತದ ಪಬ್ಲಿಕ್ ಪರೀಕ್ಷೆಗೆ ಎರಡೇ ದಿನವಿದ್ದಾಗ, ಮನೆಯಲ್ಲಿ ಕೂತು ನನ್ನ ನೋಟ್ಸ್ ತಿರುವಿಹಾಕುತ್ತಿದ್ದೆ. ವರ್ಗ ಸಮೀಕರಣದ ಪುಟ ಬಂತು. x² + 2x − 8 = 0. ಶೋಧಕ ಅಂದರೆ b² − 4ac; ಅದು ಸೊನ್ನೆಗಿಂತ ಹೆಚ್ಚಿದ್ದರೆ ಎರಡು ಬೇರೆ ಬೇರೆ ವಾಸ್ತವ ಮೂಲಗಳು, ಸೊನ್ನೆಯಾದರೆ ಎರಡೂ ಒಂದೇ, ಕಡಿಮೆಯಾದರೆ ವಾಸ್ತವ ಮೂಲವೇ ಇಲ್ಲ. ನಾನು 4 − 32 ಎಂದು ಬರೆದು, −28 ಬಂತು, ವಾಸ್ತವ ಮೂಲಗಳಿಲ್ಲ ಎಂದು ಮುಗಿಸಿದ್ದೆ. ಆದರೆ c ಎಂಟಲ್ಲ, ಮೈನಸ್ ಎಂಟು. 32 ಕಳೆಯುವುದಲ್ಲ, ಕೂಡುವುದು. ಉತ್ತರ 36. x ಇದ್ದಲ್ಲಿ 2 ಇಟ್ಟು ನೋಡಿದ್ದರೂ ಸಾಕಿತ್ತು, ಸೊನ್ನೆ ಬರುತ್ತಿತ್ತು.

ಇದನ್ನೇ ಬೋರ್ಡಿನ ಮೇಲೆ ಬರೆದು, "ಇಂಪಾರ್ಟೆಂಟು, ಬಾಯಿಪಾಠ ಮಾಡಿ" ಅಂದಿದ್ದೆ. ನಮ್ಮ ಮಕ್ಕಳು ಬೋರ್ಡಿನ ಲೆಕ್ಕಕ್ಕೆ ಕೆಂಪು ಪೆನ್ನಿನಲ್ಲಿ ಚೌಕ ಹಾಕಿ, ಒಂದಕ್ಷರ ಬಿಡದೆ ಉರು ಹೊಡೆಯುತ್ತಿದ್ದರು. ಇಂಥದ್ದೇ ಲೆಕ್ಕ ಬಂದರೆ ಇಡೀ ತರಗತಿ ನನ್ನ ತಪ್ಪನ್ನೇ ಬರೆದು ಬರುತ್ತದೆ. ಎರಡು ಮೂರು ಅಂಕದಲ್ಲಿ ತೂಗಾಡುವವರು ಫೇಲಾಗುತ್ತಾರೆ.

ಶಾಲೆಗೆ ಓಡಿ ವಿಳಾಸ ತೆಗೆದುಕೊಂಡು ಎರಡು ದಿನ ಮನೆಮನೆ ಅಲೆದೆ. ಹತ್ತೊಂಬತ್ತು ಮಕ್ಕಳಲ್ಲಿ ಹದಿನೆಂಟು ಮಂದಿ ಸಿಕ್ಕರು. ಸಿಗದವಳು ಕೊನೆಯ ಬೆಂಚಿನ ಹುಡುಗಿ. ವರ್ಷವಿಡೀ ಬಾಯಿ ಬಿಟ್ಟವಳೇ ಅಲ್ಲ. ದಡ್ಡಿ ಎಂದು ನಾನೇ ತೀರ್ಮಾನಿಸಿದ್ದೆ.

"ಮನೆ ಖಾಲಿ ಮಾಡಿದ್ರು ಮೇಡಂ, ಸುಬ್ರಹ್ಮಣ್ಯಪುರದ ಕಡೆ ಅಂದ್ರು," ಎಂದರು ಮನೆ ಓನರ್. ಅಲ್ಲಿಯೂ ಬೀದಿಬೀದಿ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ.

ಪರೀಕ್ಷೆಯ ದಿನ ಗೇಟಿನ ಬಳಿ ಹಿಡಿಯೋಣವೆಂದರೆ ಬಸ್ಸು ತಡವಾಯಿತು. ಅವಳು ಒಳಗೆ ಹೋಗಿಯಾಗಿತ್ತು. ಬಿಸಿಲಲ್ಲೇ ನಿಂತೆ. ಒಂದು ಮಗುವಿನ ವರ್ಷ ಹಾಳುಮಾಡಿದೆನೆಂದು ನನ್ನನ್ನೇ ಬೈದುಕೊಂಡೆ.

ಬೆಲ್ಲಾಯಿತು, ಅವಳು ಬಂದಳು. ಓಡಿಹೋಗಿ ಕೇಳಿದೆ, "ಶೋಧಕದ ಲೆಕ್ಕ ಬಂದಿತ್ತಾ? ಏನ್ ಬರ್ದೆ?"

"ಬಂದಿತ್ತು ಮಿಸ್. c ಮೈನಸ್ ಇತ್ತಲ್ಲ, ಕೂಡ್ದೆ. ಎರಡು ಮೂಲ ಇದೆ ಅಂತ ಬರ್ದೆ."

ಉಸಿರು ಬಂತು. "ಬೋರ್ಡಲ್ಲಿ ನಾನು ಬೇರೆ ಬರೆದಿದ್ನಲ್ಲ?"

"ಅದು ತಪ್ಪು ಅಂತ ಆವತ್ತೇ ಗೊತ್ತಾಯ್ತು ಮಿಸ್."

"ಮತ್ತೆ ಯಾಕೆ ಹೇಳ್ಲಿಲ್ಲ?" ನನ್ನ ದನಿ ಏರಿತ್ತು.

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕಣ್ಣು ನನ್ನ ಬಲಗೈ ಮೇಲಿತ್ತು.

"ಭಯ ಆಯ್ತು ಮಿಸ್," ಅಂದಳು.