ಗಂಗಾಳ ಸೀರೆ

‘ಇಷ್ಟು ಲಗೂನ ಗಂಗಾನ ಮದಿವಿ ಮಾಡಬ್ಯಾಡ್ರಿ!’ ಎಂದು ಬಾಗಿಲಲ್ಲೇ ಕೂಗಿಬಿಟ್ಟೆ. ಎಂಬತ್ತರ ದಶಕದ ಮಾತು, ಇಳಕಲ್‌ನಲ್ಲಿ. ನಾನು ಪಾಠ ಮಾಡುತ್ತಿದ್ದ ಏಳನೇ ತರಗತಿಯ ಗಂಗಾಳಿಗೆಂದೇ ಅವಳ ಅಪ್ಪ ರೇಷ್ಮೆ ಸೆರಗಿನ ಸೀರೆ ನೇಯುತ್ತಿದ್ದಾರೆಂದು ಕೇಳಿ ಓಡಿಬಂದಿದ್ದೆ. ಅಲ್ಲಿಯ ನೇಕಾರರು ಮಗಳ ಹೆಸರಲ್ಲಿ ಅಂಥ ಸೀರೆಗೆ ಕೈಹಾಕುತ್ತಿದ್ದುದು ಮದುವೆ ಗೊತ್ತಾದಾಗಲೇ.

ಗಂಗಾಳ ಅಪ್ಪ ಲಾಳಿ ನಿಲ್ಲಿಸಿ ನಕ್ಕರು. ‘ಮದಿವಿಗಲ್ರಿ ಅಕ್ಕೋರ. ಹೈಸ್ಕೂಲ್ ಹೆಡ್‌ಮಾಸ್ತರ್ ಆಗ್ತೇನಿ ಅಂದಾಳ. ಆ ಕುರ್ಚಿ ಮ್ಯಾಲ ಕುಂಡ್ರೋ ದಿನ ಉಡಾಕ ಬೇಕಲ್ರಿ?’

ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಗಂಗಾ ನಾಚಲಿಲ್ಲ, ಹೌದೆಂದು ತಲೆಯಾಡಿಸಿದಳು.

ಮರುದಿನ ಹಾಜರಿ ಕರೆದಾಗ ಗಂಗಾ ‘ಹಾಜರ್ರಿ’ ಎಂದು ಎದ್ದು ನಿಂತಳು. ನೋಡಿಕೊಂಡರೆ, ನಾನೂ ಕುರ್ಚಿಯಿಂದ ಎದ್ದಿದ್ದೆ.