ನೀರಿನ ಹಾಳೆಯಲ್ಲಿ ಒಂದೂವರೆ

ನಮ್ಮ ಕ್ರೀಡಾ ಕೇಂದ್ರಕ್ಕೆ ಇಪ್ಪತ್ತೈದು ವರ್ಷ ತುಂಬಿತಂತೆ, ಅದಕ್ಕೊಂದು ನೆನಪಿನ ಪುಸ್ತಕ ತರುತ್ತಾರಂತೆ. ಕಚೇರಿಯವರು ನನ್ನನ್ನು ಕರೆದು, "ನಿಮ್ಮ ಅತ್ತಿಗೆ ಬಗ್ಗೆ ನಾಲ್ಕು ಸಾಲು ಬರೆದ್ಕೊಡಿ, ಓದಿದವರಿಗೆ ಖುಷಿಯಾಗೋ ಥರ ಇರ್ಲಿ" ಅಂದರು. ಅದೇ ಪುಸ್ತಕದ ಕರಡಿನಲ್ಲಿ ಹಳೆಯ ಮ್ಯಾನೇಜರಿಗೆ ಒಂದು ಇಡೀ ಪುಟ, ಬಣ್ಣದ ಫೋಟೋ ಸಮೇತ. ಅದನ್ನು ನೋಡಿದ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು. ನಾಲ್ಕು ಸಾಲಿಗೆ ನಿಲ್ಲುವವಳಲ್ಲ ನಾನು. ಅವರಿಗೆ ಬೇಡವಾದರೆ ಅಚ್ಚು ಹಾಕುವುದು ಬೇಡ.

ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ. ಮದುವೆಯಾಗಿ ಬಂದಾಗ ಬಕೆಟ್ಟಿಗಿಂತ ಆಳವಾದ ನೀರಿಗೆ ಕೈ ಹಾಕಿದವರಲ್ಲ. ಹದಿಮೂರು ವರ್ಷ ಮನೆ, ಅಡುಗೆ, ಇಬ್ಬರು ಮಕ್ಕಳು. ಆಮೇಲೆ ನಮ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಆಪರೇಷನ್ ಆಯಿತು, ಗಾಯ ಮಾಗಿತು. ದಿನಾ ಎದೆಮಟ್ಟದ ನೀರಲ್ಲಿ ನಡೆಸಿ, ಇಲ್ಲದಿದ್ದರೆ ಹಾಸಿಗೆಯೇ ಗತಿ ಅಂದರು ಡಾಕ್ಟರು. ನಾನು ಆಗಲೇ ಇದೇ ಕೇಂದ್ರದ ಕೌಂಟರಿನಲ್ಲಿ ಕೂತವಳು. ನನ್ನ ಕುರ್ಚಿಯಿಂದ ಈಜುಕೊಳಕ್ಕೆ ಮೂವತ್ತು ಹೆಜ್ಜೆ. ಹೆತ್ತ ಮಗಳು ನಾನೇ ಅಮ್ಮನ ಜೊತೆ ಇಳಿಯಬೇಕಿತ್ತು. "ನಂಗೆ ಕೌಂಟರ್ ಬಿಟ್ಟು ಏಳೋಕಾಗಲ್ಲ" ಅಂದೆ. ಅಣ್ಣ ಫೋನು ನೋಡುತ್ತಾ ಕೂತ. ಇಳಿದವರು ಅತ್ತಿಗೆ.

ಮೊದಲ ದಿನ ಅಮ್ಮ ಕಂಬಿ ಹಿಡಿದದ್ದಕ್ಕಿಂತ ಅತ್ತಿಗೆ ಅಮ್ಮನನ್ನು ಹಿಡಿದದ್ದೇ ಬಿಗಿ. "ಯಾರು ಯಾರನ್ನ ನಡೆಸ್ತಾ ಇದೀವಿ ಅಂತ ಮೊದ್ಲು ಹೇಳು, ಆಮೇಲೆ ಕಾಲೆತ್ತಿಡ್ತೀನಿ" ಅಂದಳು ಅಮ್ಮ. ಕೊಳದ ಮುದುಕಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತಿಗೆಯೂ ನಕ್ಕರು, ಆದರೆ ಮಾರನೆಯ ದಿನದಿಂದ ಅಮ್ಮನನ್ನು ನಡೆಸಿದ ಮೇಲೆ ಬೆಂಚಿನ ಮೇಲೆ ಕೂರಿಸಿ ತಾವು ಒಂದು ಗಂಟೆ ಈಜು ಕಲಿಯತೊಡಗಿದರು. ಐದು ತಿಂಗಳಲ್ಲಿ ಅಮ್ಮ ಕೋಲು ಬಿಟ್ಟಳು. ಅತ್ತಿಗೆ ಕೊಳದ ಈ ತುದಿಯಿಂದ ಆ ತುದಿಗೆ ಇಪ್ಪತ್ತು ಸಲ ಹೋಗಿ ಬರುತ್ತಿದ್ದರು.

ಆ ವರ್ಷವೇ ಕೇಂದ್ರದಲ್ಲಿ ಅಪ್ರೆಂಟಿಸ್ ಬೇಕು ಅಂತ ಹಾಳೆ ಅಂಟಿಸಿದರು. ಹದಿನೆಂಟು ತಿಂಗಳ ತರಬೇತಿ, ಜಿಮ್ಮು ಮತ್ತು ಈಜುಕೊಳ ಎರಡೂ. ಕೊನೆಯಲ್ಲಿ ಸರ್ಟಿಫಿಕೇಟು, ಅದು ಕೈಗೆ ಬಂದರೆ ಕಾಯಂ ಕೆಲಸ. ವಯಸ್ಸಿನ ಮಿತಿ ಹಾಕಿರಲಿಲ್ಲ, ಮರೆತಿದ್ದರು ಅಂತ ಕಾಣುತ್ತದೆ. ಮೂವತ್ತೇಳರ ಅತ್ತಿಗೆ ಅರ್ಜಿ ಹಾಕಿದರು. ಈಜಿನ ಪರೀಕ್ಷೆಯಲ್ಲಿ ಹತ್ತೊಂಬತ್ತು ವರ್ಷದ ನಾಲ್ವರನ್ನು ಹಿಂದೆ ಹಾಕಿದರು.

ಮ್ಯಾನೇಜರನ್ನು ನಾವೆಲ್ಲ ಬೆನ್ನ ಹಿಂದೆ ಸೀಟಿ ಅನ್ನುತ್ತಿದ್ದೆವು. ಬೆಳಗಿನಿಂದ ಸಂಜೆಯವರೆಗೆ ಕುತ್ತಿಗೆಯಲ್ಲಿ ಬೆಳ್ಳಿ ಬಣ್ಣದ ಸೀಟಿ. ಆತ ನೀರಿಗೆ ಇಳಿದದ್ದನ್ನು ಮಾತ್ರ ಯಾರೂ ಕಂಡಿಲ್ಲ, ಅಂಗಾಲು ಒದ್ದೆಯಾದದ್ದನ್ನೂ ಕಂಡಿಲ್ಲ. ಅಪ್ರೆಂಟಿಸಿಗೆ ಸೀಟಿ ಕೊಡುವ ಹಾಗಿಲ್ಲ ಅನ್ನುವುದು ಆತನ ಕಟ್ಟಳೆ. ಸರ್ಟಿಫಿಕೇಟಿನ ಜೊತೆಗೆ ಸೀಟಿ, ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಕೆಲಸ.

ಕೆಲಸವಾದರೂ ಎಂಥದ್ದು? ತರಬೇತಿ ಪುಸ್ತಕದಲ್ಲಿ ನಲವತ್ತೆರಡು ಕಲಿಕೆಗಳಿದ್ದವು, ಒಂದೊಂದಕ್ಕೂ ಸೀಟಿಯ ಸಹಿ ಬೇಕು. ಮೊದಲ ಏಳು ತಿಂಗಳು ಅತ್ತಿಗೆಗೆ ಸಿಕ್ಕಿದ್ದು ಟವೆಲ್ ಮಡಚುವುದು, ಟ್ರೆಡ್‌ಮಿಲ್ಲಿನ ಬೆವರು ಒರೆಸುವುದು, ಹುಡುಗರು ಎತ್ತಿ ಎಲ್ಲೆಂದರಲ್ಲಿ ಬಿಸಾಕಿ ಹೋದ ಕಬ್ಬಿಣದ ಬಿಲ್ಲೆಗಳನ್ನು ತೂಕದ ಪ್ರಕಾರ ಜೋಡಿಸುವುದು. "ಆಂಟಿ, ಇದೊಂಚೂರು ಎತ್ತಿ ತೋರ್ಸಿ" ಅಂತ ಕಿಸಿಯುತ್ತಿದ್ದರು. ಅತ್ತಿಗೆ ಒಂದು ದಿನ ಎತ್ತಿಯೇ ತೋರಿಸಿದರು. ಬೆನ್ನು ನೆಟ್ಟಗೆ, ಮಂಡಿ ಹೊರಗೆ, ಉಸಿರು ಸರಿಯಾದ ಹೊತ್ತಿಗೆ. ಕೆಳಗಿಟ್ಟು, "ನಿನ್ನ ಮಂಡಿ ಒಳಗೆ ಬೀಳುತ್ತಪ್ಪ, ತೂಕ ಕಡಿಮೆ ಮಾಡ್ಕೋ" ಅಂದರು. ಆಂಟಿ ಅನ್ನುವುದು ನಿಲ್ಲಲಿಲ್ಲ. ಆದರೆ ಅನುಮಾನ ಬಂದಾಗಲೆಲ್ಲ ಆಂಟಿ ಎಲ್ಲಿ ಅಂತ ಹುಡುಕತೊಡಗಿದರು.

ಇನ್ನು ನನ್ನ ಕಥೆ. ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಈ ಬರಹವೇ ಸುಳ್ಳಾಗುತ್ತದೆ.

ಈಜುಕೊಳದ ನೀರನ್ನು ಎರಡು ಗಂಟೆಗೊಮ್ಮೆ ಪರೀಕ್ಷಿಸಬೇಕು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು, ಒಂದು ಮಾತ್ರೆ ಹಾಕಿ ಅಲ್ಲಾಡಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಔಷಧಿ ಹೆಚ್ಚು. ಅಂಕಿ ಹಾಕಿದ ಬಣ್ಣದ ಪಟ್ಟಿಯ ಪಕ್ಕ ಹಿಡಿದಾಗ ಒಂದೂವರೆಗೆ ಹೊಂದಿದರೆ ಸರಿ. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಎಂಟು ಸಲ ನೋಡಿ, ನೀರಿನ ಹಾಳೆಯ ಎಂಟು ಮನೆ ತುಂಬಬೇಕು. ಕೊಳವೆ, ಮಾತ್ರೆ ಇಡುವ ಪೆಟ್ಟಿಗೆಯ ಬೀಗದ ಕೈ ನನ್ನ ಬಳಿ ಇತ್ತು. ಕೆಲಸಕ್ಕೆ ಸೇರಿದ ವಾರವೇ ಸೀಟಿ, "ಅಷ್ಟು ಸಲ ಯಾರು ಏಳ್ತಾರಮ್ಮ, ಬೆಳಿಗ್ಗೆನೇ ಬರೆದಿಟ್ಬಿಡು" ಅಂತ ಕಲಿಸಿಕೊಟ್ಟಿದ್ದ. ಬೆಳಿಗ್ಗೆ ಆರಕ್ಕೆ ಕೂತಲ್ಲೇ ನಾನು ರಾತ್ರಿ ಎಂಟರ ನೀರನ್ನೂ ಬರೆದಿಡುತ್ತಿದ್ದೆ. ಒಂದೂವರೆ, ಒಂದೂವರೆ, ಒಂದೂವರೆ. ನೋಡಿದವರಿಗೆ ನಂಬಿಕೆ ಬರಲಿ ಅಂತ ನಡುವೆ ಒಂದು ಕಡೆ ಚೂರು ಕಡಿಮೆ. ಎಂಟು ವರ್ಷ ಹೀಗೇ ನಡೆಯಿತು.

ಅತ್ತಿಗೆಗೆ ನೀರಿನ ಪರೀಕ್ಷೆ ಮೂವತ್ತೊಂದನೆಯ ಕಲಿಕೆ. ಸೀಟಿ ಅದನ್ನು ಕಲಿಸಲೂ ಇಲ್ಲ, ಸಹಿ ಹಾಕಲೂ ಇಲ್ಲ. ಕಲಿಸಿದವರು ಕೊಳದ ಪಂಪು ನೋಡಿಕೊಳ್ಳುತ್ತಿದ್ದ ತಾತ. ನಿವೃತ್ತಿಗೆ ಮುಂಚೆ ಪಂಪ್ ಕೋಣೆಯಲ್ಲಿ ತಮ್ಮದೇ ಹಳೆಯ ಪೆಟ್ಟಿಗೆ ತೆಗೆದು ಒಂದು ತಿಂಗಳು ಹೇಳಿಕೊಟ್ಟರು. ಅವರ ಒಂದು ಮಾತನ್ನು ಅತ್ತಿಗೆ ಮನೆಯಲ್ಲಿ ನನಗೂ ಹೇಳಿದ್ದರು. "ಬಣ್ಣ ಬರಲೇ ಇಲ್ಲ ಅಂದ್ರೆ ನೀರಲ್ಲಿ ಔಷಧಿ ಇಲ್ಲ. ಬಣ್ಣ ಬಂದು ತಕ್ಷಣ ಓಡಿಹೋಯ್ತು ಅಂದ್ರೆ ನೀವೂ ಓಡಬೇಕು, ಔಷಧಿ ಅಷ್ಟಿರುತ್ತೆ. ಬಣ್ಣವನ್ನೇ ತಿಂದುಹಾಕುತ್ತೆ ಅದು." ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅಂತಿಮ ಪರೀಕ್ಷೆಗೆ ಮೂರು ವಾರ ಇತ್ತು. ಅವತ್ತು ಮಧ್ಯಾಹ್ನ ಮೂರಕ್ಕೆ ಶಾಲಾ ಮಕ್ಕಳ ಈಜು ಸ್ಪರ್ಧೆ. ಸೀಟಿ ಬೆಳಿಗ್ಗೆಯಿಂದ ಕುರ್ಚಿ ಹಾಕಿಸುವುದರಲ್ಲಿ ಮುಳುಗಿದ್ದ. ಒಂಬತ್ತೂವರೆಗೆ ಅಮ್ಮ ಮತ್ತು ಅವಳ ಆರು ಜನ ಗೆಳತಿಯರು ನೀರಿಗಿಳಿದರು. ಅತ್ತಿಗೆ ಟವೆಲ್ ಹೊತ್ತುಕೊಂಡು ಕೊಳದ ಪಕ್ಕ ಹೋಗುವಾಗ ಅಮ್ಮ ಕೆಮ್ಮುತ್ತಿದ್ದಳು.

"ಕಣ್ಣಿಗೆ ಸೋಪು ಹೋದ ಹಾಗಿದೆ ಕಣೇ. ನಂಗೊಬ್ಬಳಿಗೇ ಅಂದ್ಕೊಂಡೆ, ಇವಳಿಗೂ ಹಾಗೇ ಅಂತೆ" ಅಂದಳು ಅಮ್ಮ.

ಅತ್ತಿಗೆ ನೇರ ನನ್ನ ಕೌಂಟರಿಗೆ ಬಂದರು. "ಪುಟ್ಟಿ, ಪೆಟ್ಟಿಗೆ ಬೀಗದ ಕೈ ಕೊಡು."

"ಈಗ್ತಾನೆ ನೋಡಿ ಬಂದೆ ಅತ್ತಿಗೆ, ಒಂದೂವರೆ ಇದೆ" ಅಂದೆ.

ಬಾಯಿ ತಡವರಿಸಲೂ ಇಲ್ಲ. ಎಂಟು ವರ್ಷ ಕೈ ಬರೆದದ್ದನ್ನು ಬಾಯಿ ಹೇಳಿತು. ಅತ್ತಿಗೆ ನನ್ನ ಮುಖ ನೋಡುತ್ತಾ ಕೈ ಚಾಚಿಕೊಂಡೇ ನಿಂತರು. ಕೊಟ್ಟೆ.

ಅವರು ಕೊಳವೆಯಲ್ಲಿ ನೀರು ಹಿಡಿದು ಮಾತ್ರೆ ಹಾಕಿದರು. ನಾನು ಹಿಂದೆಯೇ ಹೋಗಿದ್ದೆ, ಕಣ್ಣಾರೆ ಕಂಡೆ. ಗುಲಾಬಿ ಒಂದು ಕ್ಷಣ ಎದ್ದಿತು, ಮಾಯವಾಯಿತು. ನೀರು ತಿಳಿಯಾಗಿ ನಿಂತಿತು. ಅಷ್ಟರಲ್ಲಿ ಸೀಟಿ ಬಂದ, ತಿಳಿ ಕೊಳವೆಯನ್ನಷ್ಟೇ ನೋಡಿದ.

"ಔಷಧಿನೇ ಇಲ್ವಲ್ಲ. ಇನ್ನೆರಡು ಬಕೆಟ್ ಹಾಕು ಬೇಗ, ಮಧ್ಯಾಹ್ನ ಗೆಸ್ಟ್‌ಗಳು ಬರ್ತಾರೆ."

"ಇಲ್ಲ ಸರ್, ಬಣ್ಣ ಬಂದು ಹೋಯ್ತು. ತುಂಬಾ ಜಾಸ್ತಿ ಇದೆ."

"ನೋಡಮ್ಮ, ಟವೆಲ್ ಮಡಚೋಳು ನಂಗೆ ನೀರು ಹೇಳ್ಕೊಡಬೇಡ." ಆತ ಮೂಲೆಯಲ್ಲಿದ್ದ ಔಷಧಿಯ ಬಕೆಟ್ಟನ್ನು ತಾನೇ ಎತ್ತಿಕೊಂಡ. ನೀರಲ್ಲಿ ಏಳು ಜನ ಮುದುಕಿಯರಿದ್ದಾರೆ, ಅದರಲ್ಲಿ ಒಬ್ಬಳು ನನ್ನ ತಾಯಿ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ.

ಅತ್ತಿಗೆ ಎರಡು ಬೆರಳು ಬಾಯಿಗಿಟ್ಟರು. ಮಕ್ಕಳಿಗೆ ಕಲಿಸಲು ಹೋಗಿ ತಾವೂ ಕಲಿತ ವಿದ್ಯೆ ಅದು. ಆ ಸಿಳ್ಳೆಗೆ ಶಟಲ್ ಆಡುತ್ತಿದ್ದವರು ಆಟ ನಿಲ್ಲಿಸಿ ಹೊರಗೆ ಬಂದರು. "ಎಲ್ಲರೂ ಮೇಲೆ ಬನ್ನಿ. ನೇರ ಷವರಿಗೆ. ಕಣ್ಣು ಉಜ್ಜಬೇಡಿ, ನೀರು ಹಾಕ್ಕೊಳ್ತಾ ಇರಿ." ಅಮ್ಮನನ್ನು ಕಂಕುಳಿಗೆ ಕೈ ಹಾಕಿ ಎತ್ತಿ ಮೆಟ್ಟಿಲು ಹತ್ತಿಸಿದರು. ಆಮೇಲೆ ಬಕೆಟ್ ಹಿಡಿದು ನಿಂತವನ ಎದುರು ಬಂದರು. "ಹಾಕೋದಾದ್ರೆ ಹಾಕಿ ಸರ್. ಆದ್ರೆ ಮೊದ್ಲು ನೀವು ಒಳಗೆ ಇಳೀರಿ."

ಆತ ಇಳಿಯಲಿಲ್ಲ, ಅದನ್ನು ಬೇರೆ ಹೇಳಬೇಕೆ.

ಅತ್ತಿಗೆ ಕುಡಿಯುವ ನೀರಿನ ಬಾಟಲಿ ತೆಗೆದು, ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಆ ನೀರು ಬೆರೆಸಿ ಮತ್ತೆ ಮಾತ್ರೆ ಹಾಕಿದರು. ಹತ್ತರಲ್ಲಿ ಒಂದು ಪಾಲಿಗೇ ಗುಲಾಬಿ ಎರಡು ತೋರಿಸಿತು. ಅಂದರೆ ಕೊಳದಲ್ಲಿ ಇಪ್ಪತ್ತು. ಪಂಪ್ ಕೋಣೆಗೆ ಹೋಗಿ ನೋಡಿದರೆ, ಹಿಂದಿನ ಸಂಜೆಯಿಂದ ಔಷಧಿ ಬಿಡುವ ಪಂಪು ಕೆಟ್ಟು ನಿಲ್ಲದೆ ಸುರಿಯುತ್ತಿತ್ತು. ಬೆಳಿಗ್ಗೆ ಆರಕ್ಕೆ ಒಂದೇ ಒಂದು ಮಾತ್ರೆ ಹಾಕಿದ್ದರೆ ನನಗೆ ಗೊತ್ತಾಗುತ್ತಿತ್ತು.

ಸ್ಪರ್ಧೆ ರದ್ದಾಯಿತು. ಸೀಟಿಯ ಮುಖ ನೋಡುವ ಹಾಗಿರಲಿಲ್ಲ. ಅತ್ತಿಗೆಯ ತರಬೇತಿ ಪುಸ್ತಕದ ಕೊನೆಯ ಪುಟದಲ್ಲಿ, "ಶಿಸ್ತಿಲ್ಲ, ಅನುಮತಿ ಇಲ್ಲದೆ ಕೊಳ ಮುಚ್ಚಿಸಿದ್ದಾರೆ, ಸರ್ಟಿಫಿಕೇಟಿಗೆ ಅನರ್ಹರು" ಅಂತ ಬರೆದ. ಹದಿನೇಳೂವರೆ ತಿಂಗಳ ಬೆವರು ಒಂದು ಸಾಲಿನಲ್ಲಿ ಮಣ್ಣುಪಾಲು. ಆಮೇಲೆ ನನ್ನನ್ನು ಕೋಣೆಗೆ ಕರೆದು ಹೊಸ ಹಾಳೆ ಮುಂದಿಟ್ಟ.

"ಆರಕ್ಕೆ, ಎಂಟಕ್ಕೆ ಒಂದೂವರೆ ಅಂತ ಬರಿ. ಎಂಟರ ಮೇಲೆ ಅಪ್ರೆಂಟಿಸ್ ಕೇಳದೆ ಬಕೆಟ್ ಸುರಿದಳು ಅಂತ ಕೆಳಗೆ ಬರಿ. ಹಳೇ ಹಾಳೆ ನಿನ್ನ ಕೈಬರಹದ್ದು, ಮರೀಬೇಡ. ಅದು ಹೊರಗೆ ಬಂದ್ರೆ ಮೊದ್ಲು ಹೋಗೋಳು ನೀನು."

ನಾನು ಪೆನ್ನು ತೆಗೆದುಕೊಂಡೆ. ಎರಡು ಮನೆ ತುಂಬಿದೆ ಕೂಡ. ಕೆಳಗಿನ ಸಾಲಿಗೆ ಬಂದಾಗ, ಉಳಿದದ್ದನ್ನು ನಾಳೆ ಬರೆಯುತ್ತೇನೆ ಅಂತ ಹೇಳಿ ಎದ್ದು ಬಂದೆ. ಇದನ್ನು ಧೈರ್ಯ ಅಂತ ಯಾರೂ ಅಂದುಕೊಳ್ಳಬೇಡಿ. ಆ ಹೊಸ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೇ ಬಂದಿದ್ದೆ.

ಸಂಜೆ ಮನೆಗೆ ಹೋದರೆ ಅಮ್ಮ ದಿಂಬಿಗೆ ಒರಗಿ ಕೆಮ್ಮುತ್ತಿದ್ದಳು. ಹಗ್ಗದ ಮೇಲೆ ಅವಳ ಕಡುನೀಲಿ ಈಜುಡುಗೆ ಒಣಗುತ್ತಿತ್ತು. ಭುಜದ ಮೇಲೆಲ್ಲ ಬಣ್ಣ ಹೋಗಿ ಬೆಳ್ಳಗೆ ಮಚ್ಚೆ ಎದ್ದಿತ್ತು. ಬಟ್ಟೆಗೇ ಹೀಗಾದರೆ ಎಪ್ಪತ್ತರ ಎದೆಗೆ ಏನಾಗಿರಬೇಕು? ಅತ್ತಿಗೆ ಕಷಾಯ ಸೋಸುತ್ತಾ, ನನ್ನ ಕಡೆ ತಿರುಗದೆ ಕೇಳಿದರು.

"ಬೆಳಿಗ್ಗೆ ನಿಜವಾಗ್ಲೂ ನೋಡಿದ್ಯಾ?"

ನಾನು ಹಗ್ಗದ ಮೇಲಿನ ಈಜುಡುಗೆಯನ್ನು ಮಗುಚಿ ಹಾಕಿದೆ. ಅವರು ಲೋಟ ಎತ್ತಿಕೊಂಡು ಅಮ್ಮನ ಕೋಣೆಗೆ ಹೋದರು. ಬೈದಿದ್ದರೆ ಜಗಳವಾಡಬಹುದಿತ್ತು. ಆ ರಾತ್ರಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಸೀಟಿಯ ಮೇಲೂ ಬಂದಿರಲಿಲ್ಲ.

ಸೀಟಿ ಬರೆದ ಆ ಸಾಲಿನ ವಿಚಾರಣೆಗೆ ತರಬೇತಿ ಮಂಡಳಿಯಿಂದ ಬಂದವರು ದಪ್ಪ ಕನ್ನಡಕದ ಒಬ್ಬ ಮೇಡಂ. ಸೀಟಿ ಅವರಿಗೆ ಬೆಣ್ಣೆ ಹಚ್ಚುತ್ತಾ, ಹೊಸ ಹಾಳೆ ತಾ ಅಂತ ನನಗೆ ಕಣ್ಸನ್ನೆ ಮಾಡಿದ. ನಾನು ಹಳೆಯದನ್ನೇ ಮೇಜಿನ ಮೇಲಿಟ್ಟೆ. ಅವರು ಎಂಟು ಮನೆಯ ಮೇಲೂ ಬೆರಳು ಓಡಿಸಿದರು.

"ಅವತ್ತು ಕೊಳ ಹತ್ತೂಕಾಲಿಗೆ ಮುಚ್ತು ಅಲ್ವಾ? ರಾತ್ರಿ ಎಂಟರ ನೀರನ್ನ ಯಾರು ನೋಡಿದ್ರು?"

"ಯಾರೂ ನೋಡ್ಲಿಲ್ಲ ಮೇಡಂ. ಆರು ಗಂಟೆದನ್ನೂ ನೋಡ್ಲಿಲ್ಲ. ಎಲ್ಲಾ ಕೂತಲ್ಲೇ ಬರೆದಿದ್ದು, ನಾನೇ. ಎಂಟು ವರ್ಷದಿಂದ. ಬರಿ ಅಂತ ಹೇಳ್ಕೊಟ್ಟವರು ಇಲ್ಲೇ ಕೂತಿದ್ದಾರೆ."

ಮೇಡಂ ಅಲ್ಲಿಯೇ ಅತ್ತಿಗೆಯನ್ನು ಕರೆಸಿ, ಕೊಳವೆ ಕೈಗೆ ಕೊಟ್ಟು ನೀರು ಪರೀಕ್ಷಿಸಲು ಹೇಳಿದರು. ನೋಡಿ, ಮೂವತ್ತೊಂದನೆಯ ಕಲಿಕೆಗೆ ತಾವೇ ಸಹಿ ಹಾಕಿದರು. ಸೀಟಿ ಬರೆದ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲೂ ಒಂದು ಸಹಿ. ಮೂರು ವಾರಕ್ಕೆ ಸರ್ಟಿಫಿಕೇಟೂ ಬಂತು, ಕುತ್ತಿಗೆಗೆ ಸೀಟಿಯೂ ಬಂತು. ಅಮ್ಮ ಅದನ್ನು ಕಸಿದುಕೊಂಡು ಊದಿ ನೋಡಿ, "ನಿನ್ನ ಬೆರಳೇ ವಾಸಿ ಕಣೇ" ಅಂದಳು. ಅವಳ ಕೆಮ್ಮು ಇಳಿಯಲು ಎರಡು ತಿಂಗಳು ಹಿಡಿಯಿತು.

ಆ ಮನುಷ್ಯನಿಗೆ ಏನಾಯಿತು ಅಂತ ಕೇಳಿ. ಇನ್ನೂ ದೊಡ್ಡ ಕೇಂದ್ರಕ್ಕೆ ವರ್ಗವಾಯಿತು, ಎರಡು ಕೊಳ ಇರುವ ಕಡೆಗೆ. ನೆನಪಿನ ಪುಸ್ತಕದಲ್ಲಿ ಆತನ "ನಿಷ್ಕಳಂಕ ಸೇವೆ"ಗೆ ಕೃತಜ್ಞತೆ ಬೇರೆ. ಹಲ್ಲು ಕಡಿದುಕೊಂಡು ಓದಿದೆ.

ನನ್ನನ್ನು ಕೆಲಸದಿಂದ ತೆಗೆದರು. ಅದು ಸರಿಯೇ. ವರ್ಷವಾದ ಮೇಲೆ ಮತ್ತೆ ಅಪ್ರೆಂಟಿಸ್ ಬೇಕು ಅಂತ ಹಾಳೆ ಅಂಟಿಸಿದಾಗ ನಾನು ಅರ್ಜಿ ಹಾಕಿದೆ. ತೆಗೆದುಕೊಳ್ಳಬೇಕೋ ಬೇಡವೋ ಅಂತ ಕಚೇರಿಯವರು ಅತ್ತಿಗೆಯನ್ನೇ ಕೇಳಿದರಂತೆ. "ಬರ್ಲಿ, ನನ್ನ ಕೈಕೆಳಗೆ ಬರ್ಲಿ" ಅಂದರಂತೆ.

ಈಗ ನಾನು ಟವೆಲ್ ಮಡಚುತ್ತೇನೆ, ಬಿಲ್ಲೆ ಜೋಡಿಸುತ್ತೇನೆ. ಎರಡು ಗಂಟೆಗೊಮ್ಮೆ ನೀರು ಹಿಡಿಯುತ್ತೇನೆ. ಹಾಳೆಯ ಪೆನ್ನು ಮಾತ್ರ ಅತ್ತಿಗೆಯ ಕುತ್ತಿಗೆಯಲ್ಲಿ, ಸೀಟಿಯ ದಾರಕ್ಕೇ ಕಟ್ಟಿದೆ. ಬಣ್ಣ ಬಂದ ಕೊಳವೆ ಹಿಡಿದುಕೊಂಡು ಹೋಗಿ ಎದುರು ನಿಂತರೆ ಮಾತ್ರ ಪೆನ್ನು.

ಮೊದಲ ದಿನ ಬೆಳಿಗ್ಗೆ ಆರಕ್ಕೆ ಮಾತ್ರೆ ಹಾಕಿದೆ. ಗುಲಾಬಿ ಎದ್ದು ನಿಂತಿತು, ಹೋಗಲಿಲ್ಲ. ಬಣ್ಣದ ಪಟ್ಟಿಗೆ ಮೂರು ಸಲ ಹಿಡಿದು ನೋಡಿದೆ. ಕೊಳದ ಅಂಚಿನಲ್ಲಿ ಅಮ್ಮ ಕಾಲು ಇಳಿಬಿಡದೆ ಕಾಯುತ್ತಾ ಕೂತಿದ್ದಳು.

"ಒಂದೂವರೆ ಇದೆ ಅತ್ತಿಗೆ" ಅಂದೆ.

ಅತ್ತಿಗೆ ನನ್ನ ಕೈಯಿಂದ ಕೊಳವೆ ತೆಗೆದುಕೊಂಡು ಹೋಗಿ ಕೊಳಕ್ಕೆ ಚೆಲ್ಲದೆ ಕೈತೊಳೆಯುವ ತೊಟ್ಟಿಗೆ ಚೆಲ್ಲಿದರು, ತಾವೇ ಬಗ್ಗಿ ಬೇರೆ ನೀರು ಹಿಡಿದರು, ಬೇರೆ ಮಾತ್ರೆ ಹಾಕಿದರು.